ಜಾಗ ಇದೆ, ಬಾ ಅಣ್ಣಾ

ಅಣ್ಣಾ,

ಅಕ್ಷರ ಸೊಟ್ಟಗಿದ್ದರೆ ಬೈಯಬೇಡ. ನಿನ್ನೆ ಸಂಜೆ ಪಿಲ್ಲಗುಂಪೆಯಲ್ಲಿ ಒಂದು ಮಾತು ಕೇಳಿದೆ. ಆಗಿನಿಂದ ಊಟ ಸೇರಿಲ್ಲ, ಯಾರ ಹತ್ತಿರವೂ ಬಾಯಿ ಬಿಟ್ಟಿಲ್ಲ. ನಿನಗೆ ಹೇಳದೆ ಇನ್ಯಾರಿಗೆ ಹೇಳಲಿ? ಆದರೆ ಆ ಮಾತಿಗೆ ಬರುವ ಮೊದಲು ಐರ್ಲೆಂಡಿನ ಕಡಲ ದಾರಿಯಲ್ಲಿ ನಡೆದದ್ದನ್ನು ಹೇಳಬೇಕು. ಹೌದು ಕಣಣ್ಣ, ನೀನು ಹೋದ ಹತ್ತು ವರ್ಷಕ್ಕೆ ನಿನ್ನ ತಮ್ಮ ಐರ್ಲೆಂಡಿಗೆ ಹೋಗಿಬಂದ. ಅಲ್ಲಿ ಒಬ್ಬನೇ ಕಾರು ಓಡಿಸಿದ. ನಗು ಬರುತ್ತಿದೆಯಾ?

ರಾಗಿ ಕುಯ್ದ ಹೊಲದಲ್ಲಿ ನನಗೆ ಲಾರಿ ಕಲಿಸಿದ್ದು ನೆನಪಿದೆಯಾ? ನಾನಾಗ ದನದ ಡಾಕ್ಟರ ಓದಿನ ಕೊನೆಯ ವರ್ಷ. "ಗೇರು ಅಂದ್ರೆ ಹಸು ಬಾಲ ಅಲ್ಲ ಕಣ್ಲಾ ಡಾಕ್ಟ್ರೇ, ಹಂಗ್ ಎಳೀಬ್ಯಾಡ" ಎಂದು ನೀನು ಬೈಯುತ್ತಿದ್ದೆ. ಒಂದು, ಎರಡು, ಮೂರು, ಎಲ್ಲ ಗೇರೂ ಕಲಿಸಿದೆ. ರಿವರ್ಸ್ ಮಾತ್ರ ಕಲಿಸಲಿಲ್ಲ. ಕೇಳಿದರೆ, "ಅದು ನಮಗ್ಯಾಕ್ಲಾ? ನಿಂಬೆಹಣ್ಣು ಹತ್ತಿಸಿ ಹೊರಟ ಗಾಡಿ ಹಿಂದಕ್ಕೆ ಬರಬಾರ್ದು" ಎಂದುಬಿಟ್ಟೆ. ನಮ್ಮ ಕಡೆಯ ಡ್ರೈವರುಗಳಿಗೆಲ್ಲ ಅದೇ ಹುಚ್ಚು. ಕೆರೆ ಏರಿ ಮೇಲೆ ಎರಡು ಗಾಡಿ ಎದುರಾದರೆ, ಹಿಂದಕ್ಕೆ ತೆಗೆದವನ ಮಾನ ಹೋಯಿತು. ಟೀ ಅಂಗಡಿಯಲ್ಲಿ ತಿಂಗಳುಗಟ್ಟಲೆ ಅವನನ್ನು "ಬಾರಪ್ಪಾ ರಿವರ್ಸು" ಎಂದೇ ಕರೆಯುವರು. ಹಾಗೆ ಹೆಸರಿಡುವುದರಲ್ಲಿ ನೀನೇ ಎಲ್ಲರಿಗಿಂತ ಮುಂದಿದ್ದೆ.

ಸಮುದ್ರ ನೋಡಬೇಕು ಎಂದು ನೀನು ಎಷ್ಟು ಸಲ ಹೇಳಿದ್ದೆ! ಮದ್ರಾಸಿಗೆ ಲೋಡು ಸಿಕ್ಕರೆ ನನ್ನನ್ನೂ ಕರೆದುಕೊಂಡು ಹೋಗುತ್ತೇನೆ ಎಂದಿದ್ದೆ. ಆ ಲೋಡು ಸಿಗಲೇ ಇಲ್ಲ. ನನ್ನನ್ನು ಇಲಾಖೆಯವರು ಹಾಲಿನ ಹಸುಗಳ ವಿಷಯ ಕಲಿಯಲೆಂದು ಆರು ತಿಂಗಳು ಐರ್ಲೆಂಡಿಗೆ ಕಳಿಸಿದರು. ಕೊನೆಗೆ ಮೂರು ದಿನ ರಜೆ ಸಿಕ್ಕಿತು. ಅಲ್ಲಿನ ಡಾಕ್ಟರೊಬ್ಬ ತನ್ನ ಹಳೆಯ ಕಾರಿನ ಕೀ ಕೈಗೆ ಕೊಟ್ಟು, ಕಡಲ ದಾರಿ ನೋಡದೆ ಊರಿಗೆ ಹೋಗಬೇಡ ಎಂದ. ನನಗೆ ರಿವರ್ಸ್ ಬರುವುದಿಲ್ಲ ಎಂದು ಅವನಿಗೆ ಹೇಗೆ ಹೇಳಲಿ? ಇಲ್ಲಿ ಇಲಾಖೆಯ ಜೀಪಿಗೆ ಡ್ರೈವರ್ ಇದ್ದಾನೆ, ಕಲಿಯುವ ಪ್ರಮೇಯವೇ ಬಂದಿರಲಿಲ್ಲ. ಕಾರು ನಿಲ್ಲಿಸುವಾಗಲೂ ಮುಂದಕ್ಕೇ ಹೊರಡಬಹುದಾದ ಜಾಗ ಹುಡುಕಿ, ಉಳಿದುಕೊಂಡ ಮನೆಗೆ ಅರ್ಧ ಮೈಲಿ ಪೆಟ್ಟಿಗೆ ಹೊತ್ತು ನಡೆದಿದ್ದೇನೆ.

ಆ ಸಮುದ್ರ ಮೊದಲು ಕಂಡಾಗ ಬಾಯಲ್ಲಿ ಬಂದದ್ದು "ಅಣ್ಣಾ" ಅಂತಲೇ. ನಮ್ಮ ಕಡೆಯ ಮಧುರೆ ಕೆರೆಗೆ ಎದುರು ದಡವೇ ಇಲ್ಲ ಎಂದುಕೋ. ಹಸಿರು ಹುಲ್ಲು ಬಂಡೆಯ ಅಂಚಿನವರೆಗೂ ಬಂದು ಅಲ್ಲಿಗೆ ನಿಂತುಬಿಡುತ್ತದೆ, ಆಮೇಲೆ ತಾಳೆಮರದುದ್ದ ಕೆಳಗೆ ನೀರು. ಅಂಚಿನಲ್ಲೇ ಕುರಿಗಳು ಮೇಯುತ್ತಿದ್ದವು. ಬಿಸಿಲು, ಮಳೆ, ಮತ್ತೆ ಬಿಸಿಲು. ನೀನು ಹೇಳಿಕೊಟ್ಟ ಹಾಗೆ ತಿರುವು ತಿರುವಿಗೂ ಹಾರ್ನ್ ಹೊಡೆದೆ. ಅಲ್ಲಿ ಯಾರೂ ಹಾರ್ನ್ ಹೊಡೆಯುವುದಿಲ್ಲವಂತೆ. ಕುರಿಗಳೂ ತಲೆಯೆತ್ತಿ ನೋಡಿದವು.

ಎರಡನೆಯ ದಿನ ಮಧ್ಯಾಹ್ನ ದಾರಿ ಕಿರಿದಾಗುತ್ತಾ ಬಂತು. ನನ್ನ ಎಡಕ್ಕೆ ಕಲ್ಲಿನ ಗೋಡೆ, ಬಲಕ್ಕೆ ಸಮುದ್ರ. ಎದುರಿಗೆ ಒಂದು ಕೆಂಪು ಕಾರು ಬಂದು ನಿಂತಿತು. ಒಳಗೆ ಎಪ್ಪತ್ತು ದಾಟಿದ ಅಜ್ಜಿ, ಪಕ್ಕದಲ್ಲಿ ನಾಯಿ. ನನ್ನ ಹಿಂದೆ ಇಪ್ಪತ್ತು ಹೆಜ್ಜೆಯಲ್ಲಿ ಹೊಲದ ಗೇಟಿನ ಹತ್ತಿರ ಅಗಲ ಜಾಗವಿತ್ತು. ಹಿಂದಕ್ಕೆ ಹೋಗಬೇಕಾದವನು ನಾನೇ. ಆದರೆ ಬರಬೇಕಲ್ಲ! ನಾನು ಕಾರನ್ನು ಗೋಡೆಗೆ ಒತ್ತರಿಸಿ, ಇಳಿದು, ಸಮುದ್ರದ ಕಡೆಯ ಅಂಚು ತೋರಿಸಿ ಕೈ ಬೀಸಿದೆ. "ಜಾಗ ಇದೆ, ಬನ್ನಿ" ಎಂದು ಇಂಗ್ಲಿಷಿನಲ್ಲಿ ಕೂಗಿದೆ. ಕೂಗಿದವನೇ ಅಲ್ಲೇ ಕಲ್ಲಾಗಿ ನಿಂತೆ. ಅದೇ ಮಾತು, ಅದೇ ಕೈ...

ಮಧುರೆ ಕೆರೆ ಏರಿಯ ಮೇಲೆ ನೀನು ಹೋದ ಆ ಬೆಳಿಗ್ಗೆ ನಿನ್ನ ಜೊತೆ ನಾನೊಬ್ಬನೇ ಇದ್ದೆ. ನಿನ್ನ ಲಾರಿಯಲ್ಲಿ ಇಟ್ಟಿಗೆ ಲೋಡು. ಎದುರಿಗೆ ಪಿಲ್ಲಗುಂಪೆಯ ಪಾಪಣ್ಣನ ಖಾಲಿ ಲಾರಿ. ನಿನ್ನ ಹಿಂದೆ ಮೂವತ್ತು ಹೆಜ್ಜೆಗೆ, ತೂಬಿನ ಹತ್ತಿರ, ಅಗಲ ಜಾಗವಿತ್ತು. ಅವನ ಹಿಂದೆ ಅಂಥ ಜಾಗ ಇರಲಿಲ್ಲ. ನಾನು ಇಳಿದು ಹೋಗಿ ಅವನ ಮೇಲೆ ರೇಗಾಡಿದೆ: "ನಮ್ಮಣ್ಣ ಯಾರು ಗೊತ್ತೇನಯ್ಯಾ? ಹಿಂದಕ್ಕೆ ತೆಗೆಯೋ ಆಸಾಮಿ ಅಲ್ಲ!" ಆಮೇಲೆ ನಿನ್ನ ಕಡೆ ತಿರುಗಿ, ನೀರಿನ ಅಂಚು ತೋರಿಸಿ, "ಜಾಗ ಇದೆ, ಬಾ ಅಣ್ಣಾ" ಎಂದು ಕೈ ಬೀಸಿದೆ. ನೀನು ಬಂದೆ. ಅಂಚಿನ ಮಣ್ಣು ಕುಸಿದು ಲಾರಿ ಕೆರೆಗೆ ಉರುಳಿತು. ನಿನ್ನನ್ನು ಎತ್ತಲು ನೀರಿಗೆ ಹಾರಿದವನು ಪಾಪಣ್ಣ. ನಾನು ಏರಿಯ ಮೇಲೆ ನಿಂತೇ ಇದ್ದೆ.

ಇದನ್ನು ನಾನು ಯಾರಿಗೂ ಹೇಳಿಲ್ಲ ಅಣ್ಣಾ. ಪಾಪಣ್ಣ ಗಾಡಿ ನುಗ್ಗಿಸಿ ನಿನ್ನನ್ನು ಅಂಚಿಗೆ ತಳ್ಳಿದ ಎಂದು ಪೊಲೀಸರಿಗೆ ಹೇಳಿದೆ. ಅವ್ವನಿಗೂ ಅತ್ತಿಗೆಗೂ ಅದನ್ನೇ ಹೇಳಿದೆ. ಅವನಿಗೆ ಜೈಲಾಯಿತು, ಲೈಸೆನ್ಸ್ ಹೋಯಿತು. ಹೇಳಿ ಹೇಳಿ ನನಗೇ ಅದು ನಿಜ ಅನ್ನಿಸಿಬಿಟ್ಟಿತ್ತು. ನೀರಿನಿಂದ ನಿನ್ನನ್ನು ಎತ್ತಿ ತಂದವನ ಮೇಲೆ ಹೊರಿಸಲು ನನಗೆ ಹೇಗೆ ಮನಸ್ಸು ಬಂತು?

ಅಜ್ಜಿ ಕಾರಿನಿಂದಿಳಿದು ಅಂಚಿನವರೆಗೆ ಹೋಗಿ, ಬಗ್ಗಿ ನೋಡಿ ತಲೆಯಾಡಿಸಿದಳು. "ಇಲ್ಲಪ್ಪಾ, ಜಾಗ ಇಲ್ಲ" ಎಂದಳು. ನನ್ನ ಮುಖ ನೋಡಿ ಏನನ್ನಿಸಿತೋ, "ನಿನಗೆ ಹಿಂದಕ್ಕೆ ಹೋಗೋಕೆ ಬರುತ್ತಾ?" ಎಂದು ಕೇಳಿದಳು. ಇಲ್ಲ ಎಂದೆ. "ಅಷ್ಟೇ ತಾನೇ, ಮೊದಲೇ ಹೇಳಬಾರದಾ?" ಎಂದು ನಕ್ಕು, ಕಾರು ಹತ್ತಿ, ಕತ್ತು ತಿರುಗಿಸಿ, ಒಂದು ಫರ್ಲಾಂಗಿನಷ್ಟು ಹಿಂದಕ್ಕೆ ಹೋದಳು. ನಾನು ದಾಟುವಾಗ ಕೈಯೆತ್ತಿ ನಕ್ಕಳು. ಮಾನ ಹೋದವರ ಮುಖವಾಗಿರಲಿಲ್ಲ ಅದು. ಮುಂದೆ ಹೋಗಿ ಕಾರು ನಿಲ್ಲಿಸಿ ಅತ್ತೆ. ಮಾರನೆಯ ದಿನ ನೋಡುವುದೆಲ್ಲ ಬಿಟ್ಟು, ಒಂದು ಬಯಲಿನಲ್ಲಿ ಸಂಜೆಯವರೆಗೂ ರಿವರ್ಸ್ ಕಲಿತೆ.

ಪಾಪಣ್ಣ ಜೈಲಿನಿಂದ ಬಂದ ಮೇಲೆ ಒಂದು ಸಲ ಹೊಸಕೋಟೆಯ ನಮ್ಮ ಆಸ್ಪತ್ರೆಗೆ ಹಸು ಹೊಡೆದುಕೊಂಡು ಬಂದಿದ್ದ. ಗುರುತು ಹಿಡಿದು, "ಚೆನ್ನಾಗಿದ್ದೀರಾ ಸಾ?" ಎಂದಿದ್ದ, ಅಷ್ಟೇ. ಈಗ ಅವನಿಗೆ ಲಾರಿಯಿಲ್ಲ, ಬೇರೆಯವರ ದನ ನೋಡಿಕೊಳ್ಳುತ್ತಾನೆ. ನಿನ್ನೆ ಅವನ ಮನೆ ಹುಡುಕಿಕೊಂಡು ಹೋದೆ. ಹಸುವಿಗೆ ಹಗ್ಗ ಕಟ್ಟುತ್ತಿದ್ದವನ ಮುಂದೆ ನಿಂತು, ಅಣ್ಣನನ್ನು ಕರೆದವನು ನಾನು, ಸುಳ್ಳು ಹೇಳಿದವನೂ ನಾನು ಎಂದೆ. ಹೊಡೆದರೆ ಹೊಡೆಸಿಕೊಳ್ಳೋಣ ಎಂದೇ ಹೋಗಿದ್ದೆ.

"ಅದು ಗೊತ್ತು ಬಿಡಿ ಸಾ" ಎಂದ. "ನಿಮಗೆ ಗೊತ್ತಿಲ್ದೇ ಇರೋದು ಒಂದದೆ. ನೀವು ನನ್ ಮೇಲೆ ಕೂಗಾಡ್ತಿದ್ರಲ್ಲ, ಬೆನ್ನು ನಿಮ್ಮಣ್ಣನ ಕಡೆಗಿತ್ತು. ಆಗ ಅವ್ರು ಕತ್ತು ಆಚೆಗ್ ಹಾಕಿ, ತೂಬಿನ್ ಕಡೆ ನೋಡ್ಕೊಂಡು, ಗಾಡಿ ಹಿಂದಕ್ಕೆ ತೆಗೀತಾ ಇದ್ರು. ಎರಡು ಮಾರು ಹೋಗಿತ್ತು. ಅಷ್ಟ್ರಲ್ಲಿ ನೀವು ತಿರುಗಿ ಬಾ ಅಂದ್ಬಿಟ್ರಿ."

ನಾನು ಅವನ ಕೈಯಲ್ಲಿದ್ದ ಹಗ್ಗ ಹಿಡಿದುಕೊಂಡೆ. "ಇದನ್ನ ಪೊಲೀಸ್ನೋರಿಗೆ ಹೇಳ್ಲಿಲ್ವಾ ಪಾಪಣ್ಣ?"

"ಹೇಳ್ದೆ ಸಾ. ನಕ್ಬಿಟ್ರು. ನಿಮ್ಮಣ್ಣ ಹಿಂದಕ್ಕೆ ತೆಗೆಯೋರಲ್ಲ ಅಂತ ಇಡೀ ಸೀಮೆಗೇ ಗೊತ್ತಲ್ಲ."

ಅಣ್ಣಾ, ನಿಜವಾ? ಟೀ ಅಂಗಡಿಯವರು ಏನಾದರೂ ಅಂದುಕೊಳ್ಳಲಿ ಎಂದು ನೀನು ಗಾಡಿ ಹಿಂದಕ್ಕೆ ತೆಗೆದಿದ್ದೆಯಾ? ಹಾಗಾದರೆ ಯಾಕೆ ನಿಂತೆ? ತಮ್ಮನ ಎದುರು ಮಾನ ಹೋದೀತು ಎಂದಾ? ಅಥವಾ ಓದಿದವನು ನೋಡಿ ಹೇಳುತ್ತಿದ್ದಾನೆ, ಜಾಗ ಇದ್ದೇ ಇರುತ್ತದೆ ಎಂದು ನಂಬಿ... ಎರಡನೆಯದೇ ನಿಜವಾದರೆ ನಾನು ಹೇಗೆ ಬದುಕಲಿ? ನಾನು ಅಂಚನ್ನು ಬಗ್ಗಿ ನೋಡಿಯೇ ಇರಲಿಲ್ಲ ಅಣ್ಣಾ.

ನಾಳೆ ಭಾನುವಾರ. ಪಾಪಣ್ಣನನ್ನು ಜೊತೆಗೆ ಕರೆದುಕೊಂಡು ಊರಿಗೆ ಹೋಗುತ್ತೇನೆ. ಮೊದಲು ಅತ್ತಿಗೆಯ ಮುಂದೆ ಹೇಳುತ್ತೇನೆ. ಅವರು ನನ್ನ ಮುಖ ಇನ್ನು ನೋಡದಿದ್ದರೂ ಸರಿ. ಸೋಮವಾರ ಪೊಲೀಸ್ ಸ್ಟೇಷನ್ನಿಗೆ ಹೋಗಿ, ಅಂದು ಬರೆಸಿದ್ದು ಸುಳ್ಳು ಎಂದು ಬರೆದುಕೊಡುತ್ತೇನೆ. ಆದರೆ ಅದಕ್ಕೂ ಮೊದಲು, ನಾಳೆ ಅತ್ತಿಗೆಯ ಮನೆಯಿಂದ ನೇರ ಹೋಗುವುದು ನೀನು ಕೂರುತ್ತಿದ್ದ ಟೀ ಅಂಗಡಿಗೆ. ಎಲ್ಲರೂ ಸೇರಿರುವ ಹೊತ್ತಿಗೇ ಹೋಗಿ, ಬಾಗಿಲಲ್ಲಿ ನಿಂತು ಗಟ್ಟಿಯಾಗಿ ಹೇಳುತ್ತೇನೆ: "ನಮ್ಮಣ್ಣ ಅವತ್ತು ಗಾಡಿ ಹಿಂದಕ್ಕೆ ತೆಗೆದಿದ್ದ ಕಣ್ರಪ್ಪಾ. ಮುಂದಕ್ಕೆ ಕರೆದವನು ನಾನು."

ನಿನ್ನ ತಮ್ಮ