ಎಡದಿಂದ ಮೂರನೆಯ ಮೈಕು

ಗುರುವಾರ, ಮಧ್ಯಾಹ್ನ ಎರಡು ಗಂಟೆ
ನಮ್ಮ ಅಡುಗೆಮನೆಯ ಮೇಜು

ಪ್ರೀತಿಯ ಅಮ್ಮ,

ಒಂದೇ ಮನೆಯಲ್ಲಿದ್ದುಕೊಂಡು ಕಾಗದ ಬರೆದಿಟ್ಟಿದ್ದಾಳಲ್ಲ, ಇವಳಿಗೇನು ತಲೆ ಕೆಟ್ಟಿದೆಯೇ ಎಂದು ನೀನು ನಗಬಹುದು. ನಗು, ಪರವಾಗಿಲ್ಲ. ಆದರೆ ಕೂತುಕೊಂಡು ಓದು. ನಿಂತು ಓದಬೇಡ, ಒಲೆಯ ಮುಂದಂತೂ ಬೇಡವೇ ಬೇಡ.

ಬಾಯಲ್ಲೇ ಹೇಳಲು ಎರಡು ಸಲ ನೋಡಿದೆ. ಮಾತಾಡುವಾಗ ನಾನು ಆ ಮೂಲೆಯಿಂದ ಈ ಮೂಲೆಗೆ ಓಡಾಡುತ್ತೇನೆ, ನೀನು ಮೊದಲು ಒಂದ್ಕಡೆ ಕೂತ್ಕೊಳ್ಳೇ ಅನ್ನುತ್ತೀಯ, ಅಷ್ಟರಲ್ಲಿ ಮಾತು ಜಗಳವಾಗಿರುತ್ತದೆ. ಕಾಗದವಾದರೆ ನೀನು ನಡುವೆ ಬಾಯಿ ಹಾಕುವಂತಿಲ್ಲ.

ವಿಷಯ ಇಷ್ಟೇ. ನಾಳೆ ಬೆಳಿಗ್ಗೆ ಐದೂವರೆಗೆ ನೀನು ಬಸ್ಸು ಓಡಿಸಬಾರದು. ನಾಳಿದ್ದೂ ಬೇಡ. ಡಾಕ್ಟರು ಸರಿ ಅನ್ನುವವರೆಗೂ ಬೇಡ. ಯಾಕೆ ಎನ್ನುವುದನ್ನು ನನಗೆ ಗೊತ್ತಾದ ಕ್ರಮದಲ್ಲೇ ಬರೆಯುತ್ತೇನೆ. ಒಂದೇ ಏಟಿಗೆ ಹೇಳಿದರೆ ನೀನು ನಂಬುವುದಿಲ್ಲ. ನಾನೂ ನಂಬಿರಲಿಲ್ಲ.

ಭಾನುವಾರ ಹಾಡುವ ನಿಮ್ಮ ಗುಂಪಿನ ಈ ಸಲದ ರೆಕಾರ್ಡಿಂಗ್ ಚರ್ಚಿನಲ್ಲಿ ಬೇಡ, ತಮ್ಮ ಮನೆಯ ಮಹಡಿಯ ಕೋಣೆಯಲ್ಲೇ ಆಗಬೇಕು ಎಂದು ಸಂಗೀತದ ಮೇಷ್ಟ್ರು ಹಟ ಹಿಡಿದಾಗ ನೀವು ಎಂಟೂ ಜನ ಗೊಣಗಿದಿರಿ. ಚರ್ಚಿನ ಕಲ್ಲುಗೋಡೆ ದನಿಯನ್ನು ಎತ್ತಿ ಹಿಡಿಯುತ್ತೆ, ಸಣ್ಣಪುಟ್ಟ ತಪ್ಪನ್ನ ನುಂಗಿಕೊಳ್ಳುತ್ತೆ, ಇಲ್ಲಿ ಬರೀ ಪರದೆ, ಸೋಫಾ, ಪುಸ್ತಕ, ಹಾಡಿದ್ದೆಲ್ಲ ದಿಂಬಿನೊಳಕ್ಕೆ ಹೋಗುತ್ತೆ ಎಂದು ದರ್ಜಿ ಚಿಕ್ಕಮ್ಮ ರಾಗ ಎಳೆದಳು. ಮೇಷ್ಟ್ರು ಜಗ್ಗಲಿಲ್ಲ. ಇದನ್ನು ಬರೆದ ಪುಣ್ಯಾತ್ಮ ಬರೆದದ್ದೇ ಇಂಥ ಕೋಣೆಗೆ ಕಣ್ರಮ್ಮಾ ಅಂದರು.

ನಾನು ಆಗ ನೆಲದ ಮೇಲೆ ಮೈಕಿನ ತಂತಿ ಬಿಡಿಸುತ್ತ ಕೂತಿದ್ದೆ. ಆದರೂ ಅವರು ಹೇಳಿದ್ದೆಲ್ಲ ಕಿವಿಗೆ ಬಿತ್ತು. ನಾನೂರು ವರ್ಷದ ಹಿಂದೆ ಅವನ ದೇಶದಲ್ಲಿ ಕ್ಯಾಥೊಲಿಕ್ಕರ ಪೂಜೆಗೆ ನಿಷೇಧವಿತ್ತಂತೆ. ಪಾದ್ರಿ ಸಿಕ್ಕಿಬಿದ್ದರೆ ನೇಣು, ಆಸರೆ ಕೊಟ್ಟವರಿಗೂ ಉಳಿಗಾಲವಿಲ್ಲ. ಆ ಸಂಗೀತಗಾರ ರಾಣಿಯ ಪ್ರಾರ್ಥನಾಮಂದಿರದಲ್ಲಿ ಸಂಬಳಕ್ಕೆ ಹಾಡುತ್ತಿದ್ದ, ಮನೆಗೆ ಬಂದು ಇದನ್ನು ಬರೆಯುತ್ತಿದ್ದ. ಕೇಸು, ದಂಡ, ಮನೆ ಶೋಧ ಎಲ್ಲವನ್ನೂ ಕಂಡವನು, ಆದರೂ ತನ್ನ ಮತ ಬಿಡಲಿಲ್ಲ. ನಾಲ್ಕೈದು ಜನ ಮಹಡಿಯ ಕೋಣೆಯೊಂದರಲ್ಲಿ ಕಿಟಕಿ ಮುಚ್ಚಿಕೊಂಡು ಹಾಡಲಿ ಎಂದು ಬರೆದ ಪೂಜೆಯ ಹಾಡುಗಳಿವು. ಕೆಳಗೆ ಒಬ್ಬರು ಬೀದಿ ಕಾಯಬೇಕು. ದನಿ ಪಕ್ಕದ ಮನೆಗೆ ಕೇಳಿಸಬಾರದು, ದೇವರಿಗೆ ಕೇಳಿಸಬೇಕು, ಅಷ್ಟು ಮೆತ್ತಗೆ ಹಾಡಿ ಎಂದು ಮೇಷ್ಟ್ರು ನಿಮಗೆ ಪಾಠ ಮಾಡಿದರು. ನಿಮ್ಮ ಭಯಾನೂ ರೆಕಾರ್ಡ್ ಆಗ್ಬೇಕು ಅಂದರು. ಡಿಪೋದಲ್ಲಿ ಹದಿನೇಳು ವರ್ಷ ಇದ್ದೀನಿ, ಭಯಕ್ಕೇನು ಬರ ಎಂದು ನೀನು ಅಂದೆ. ಎಲ್ಲರೂ ನಕ್ಕರು. ಆ ನಗುವೂ ರೆಕಾರ್ಡ್ ಆಗಿದೆ.

ನೀವು ಅಷ್ಟು ಮೆತ್ತಗೆ ಹಾಡುವುದರಿಂದ ಕೋಣೆಗೆಲ್ಲ ಒಂದೇ ಮೈಕು ಇಟ್ಟರೆ ಸಾಲುತ್ತಿರಲಿಲ್ಲ. ತಲೆಗೊಂದರಂತೆ ಎಂಟು ಮೈಕು ಇಟ್ಟೆವು. ಎಡದಿಂದ ಮೂರನೆಯದು ನಿನ್ನದು, ನಾಲ್ಕನೆಯದು ದರ್ಜಿ ಚಿಕ್ಕಮ್ಮನದು. ಇಬ್ಬರೂ ಒಂದೇ ಸ್ವರ ಹಾಡುವವರು. ಎಲ್ಲ ಸೇರಿಸಿ ಕೇಳಿದರೆ ಯಾವುದು ನಿನ್ನ ದನಿ ಯಾವುದು ಅವಳದು ಹೇಳಲಾಗುವುದಿಲ್ಲ. ಆದರೆ ನನ್ನ ಕೆಲಸವೇ ಒಂದೊಂದು ಮೈಕನ್ನೂ ಬೇರೆ ಬೇರೆಯಾಗಿ ಕೇಳುವುದು. ಕೆಮ್ಮು, ಕಾಗದದ ಸರಬರ, ಕುರ್ಚಿಯ ಕಿರುಗುಟ್ಟುವಿಕೆ ಎಲ್ಲವನ್ನೂ ತೆಗೆಯುವುದು. ಹೆಡ್‌ಫೋನು ಹಾಕಿಕೊಂಡು ಮೂರನೆಯದೊಂದನ್ನೇ ಕೇಳಿದರೆ ನೀನು ನನ್ನ ಕಿವಿಯಲ್ಲೇ ಹಾಡುತ್ತಿರುತ್ತೀಯ. ಮಿಕ್ಕವರು ಗೋಡೆಯಾಚೆ ಇದ್ದಂತೆ ಕೇಳುತ್ತಾರೆ.

ಮೂರು ವಾರದ ಹಿಂದೆ ಹಾಗೆ ಕೇಳುತ್ತಿದ್ದಾಗ ನೀನು ನಿಂತುಹೋದೆ.

ಸಾಲಿನ ಮಧ್ಯೆ, ಪದದ ಮಧ್ಯೆ. ಗೋಡೆಯಾಚೆ ಏಳು ಜನ ಹಾಡುತ್ತಲೇ ಇದ್ದಾರೆ, ನೀನಿಲ್ಲ. ತಂತಿ ಸಡಿಲವಾಗಿದೆ ಎಂದುಕೊಂಡೆ. ಮುಂದಿನ ಭಾನುವಾರ ತಂತಿ ಬದಲಾಯಿಸಿದೆ. ಮತ್ತೆ ಎರಡು ಕಡೆ ಅದೇ ಆಯಿತು. ಅದರ ಮುಂದಿನ ಭಾನುವಾರ ಮೈಕನ್ನೇ ಬದಲಾಯಿಸಿದೆ. ಹೊಸ ಮೈಕು ಒಳ್ಳೆಯದಿತ್ತು, ಹಳೆಯದರಲ್ಲಿ ಕೇಳದೇ ಇದ್ದದ್ದು ಅದರಲ್ಲಿ ಕೇಳಿತು. ನೀನು ಸುಮ್ಮನೆ ಇರಲಿಲ್ಲ ಅಮ್ಮ. ಮೂಗಿನಿಂದ ಉಸಿರು ಬರುತ್ತಿತ್ತು. ಬಾಯಿ ಚಪ್ಪರಿಸುವ ಸದ್ದು, ಏನೋ ತಿಂದು ಮುಗಿಸಿದವರು ಚಪ್ಪರಿಸುತ್ತಾರಲ್ಲ ಹಾಗೆ, ಒಂದೇ ಸಮ. ಬೆರಳಿನಿಂದ ಕಾಗದದ ಅಂಚನ್ನು ಕೆರೆಯುವ ಸದ್ದು. ಹನ್ನೆರಡು ಸೆಕೆಂಡು. ಆಮೇಲೆ ನೀನು ಹಾಡಲು ಶುರು ಮಾಡಿದೆ, ಆದರೆ ಎಲ್ಲರೂ ದಾಟಿಹೋಗಿದ್ದ ಹಿಂದಿನ ಸಾಲನ್ನು. ಎರಡು ಪದ ಹಾಡಿ, ತಪ್ಪು ಅಂತ ಗೊತ್ತಾಗಿ, ಸೇರಿಕೊಂಡೆ.

ಆ ಸದ್ದನ್ನು ಎಷ್ಟು ಸಲ ಕೇಳಿದೆನೋ ಲೆಕ್ಕವಿಲ್ಲ. ಹಾಡು ಹೇಳುವ ನಿನ್ನ ಬಾಯಿಯಲ್ಲೇ ಬೇರೆ ಯಾರೋ ಬಂದು ಕೂತ ಹಾಗಿತ್ತು. ಆಮೇಲೆ ಹಿಂದಿನದನ್ನೆಲ್ಲ ತೆಗೆದು ನೋಡಿದೆ. ಐದು ಭಾನುವಾರದಲ್ಲಿ ಒಂಬತ್ತು ಸಲ.

ಇಲ್ಲಿ ನಾನು ಒಪ್ಪಿಕೊಳ್ಳಬೇಕಾದದ್ದು ಒಂದಿದೆ. ಪ್ರಶ್ನೆಪತ್ರಿಕೆ ಮೊದಲೇ ನನ್ನ ಕೈಗೂ ಬಂದಿತ್ತು ಎಂದು ಇಡೀ ಕ್ಲಾಸಿನಲ್ಲಿ ನಾನೊಬ್ಬಳೇ ಹೇಳಿ, ಎಲ್ಲರ ಬಾಯಿಗೂ ತುತ್ತಾಗಿ, ಶಾಲೆ ಬಿಟ್ಟು ಬಂದವಳು ನಾನು. ಇವಳ ಹೊಟ್ಟೆಯಲ್ಲಿ ಒಂದು ಮಾತು ನಿಲ್ಲಲ್ಲ ಎಂದು ನೀನು ಬೈದದ್ದು ಇದೇ ಅಡುಗೆಮನೆಯಲ್ಲಿ. ಅಂಥ ನಾನು ಏನು ಮಾಡಿದೆ ಗೊತ್ತೇ? ಒಂಬತ್ತು ಕಡೆಯೂ ತೇಪೆ ಹಾಕಿದೆ. ಬೇರೆ ಸಲ ನೀನು ಅದೇ ಸಾಲನ್ನು ಸರಿಯಾಗಿ ಹಾಡಿದ್ದೆಯಲ್ಲ, ಅಲ್ಲಿಂದ ನಿನ್ನ ದನಿ ಕತ್ತರಿಸಿ ತಂದು ಇಲ್ಲಿ ಕೂರಿಸಿದೆ. ಚಪ್ಪರಿಸುವ ಸದ್ದನ್ನು ಅಳಿಸಿದೆ. ಕಂಪ್ಯೂಟರಿನಲ್ಲಿ ನಿನಗೆ ಏನೂ ಆಗಿಲ್ಲ. ಮೇಷ್ಟ್ರು ಕಣ್ಣು ಮುಚ್ಚಿ ಕೇಳಿ, ಚಿಟಪಟಿ, ನಿನ್ನ ಕೈಗೆ ಚಿನ್ನದ ಬಳೆ ತೊಡಿಸಬೇಕು ಅಂದರು. ನಾನು ಹಲ್ಲು ಕಿರಿದೆ. ಅಷ್ಟು ಚೆನ್ನಾಗಿ ನಾನು ಯಾವ ಕೆಲಸವನ್ನೂ ಮಾಡಿಲ್ಲ. ಅದನ್ನು ನೆನೆದರೇ ಹೆದರಿಕೆ. ಇನ್ನು ಯಾರು ಎಷ್ಟು ಸಲ ಕೇಳಿದರೂ ಯಾರಿಗೂ ಗೊತ್ತಾಗುವುದಿಲ್ಲ.

ದರ್ಜಿ ಚಿಕ್ಕಮ್ಮನನ್ನು ಅವಳ ಅಂಗಡಿಗೇ ಹೋಗಿ ಕೇಳಿದೆ. ಹೊಲಿಗೆ ಯಂತ್ರದಿಂದ ತಲೆ ಎತ್ತಲಿಲ್ಲ. ನಿಮ್ಮಮ್ಮಂಗೆ ನಿದ್ದೆ ಸಾಲ್ತಿಲ್ಲ ಕಣೇ, ನಾಲ್ಕಕ್ಕೆ ಏಳೋಳು, ಎಲ್ಲೋ ಜೋಂಪು ಹತ್ತಿರುತ್ತೆ ಅಂದಳು. ಜೋಂಪಿನಲ್ಲಿ ಇರೋರು ಕಣ್ಣು ತೆರ್ಕೊಂಡು ನಿಂತಿರ್ತಾರಾ ಎಂದು ಕೇಳಿದೆ. ಯಂತ್ರ ನಿಲ್ಲಿಸಿದಳು. ಆಮೇಲೆ ಹೇಳಿದಳು: ಅವಳು ನಿಂತಾಗೆಲ್ಲ ನಾನು ಸ್ವಲ್ಪ ಜೋರಾಗಿ ಹಾಡ್ತೀನಿ, ಮೊಣಕೈ ಚಿವುಟ್ತೀನಿ, ಬಂದುಬಿಡ್ತಾಳೆ, ಇದನ್ನೆಲ್ಲ ಹೇಳಿಕೊಂಡು ತಿರುಗಬೇಡ, ಕೆಲಸ ಹೋದರೆ ತಿನ್ನೋಕೆ ನೀನು ತಂದುಹಾಕ್ತೀಯಾ? ಅವಳ ಮೇಲೆ ಸಿಟ್ಟಾಗಬೇಡ. ನಾನು ಮಾಡಿದ್ದನ್ನೇ ಅವಳೂ ಮಾಡಿದ್ದು. ಬಸ್ಸಿನಲ್ಲಿ ನಿನ್ನ ಪಕ್ಕ ನಿಂತು ಚಿವುಟುವವರು ಯಾರೂ ಇಲ್ಲ ಎನ್ನುವುದು ಇಬ್ಬರಿಗೂ ಹೊಳೆದಿರಲಿಲ್ಲ.

ಅದು ಹೊಳೆದ ಮೇಲೆ ನನಗೆ ಊಟ ಸೇರಲಿಲ್ಲ. ಹೋದ ವಾರ ಮೂರು ದಿನ ನಿನ್ನ ಬಸ್ಸಿಗೆ ಹತ್ತಿದ್ದು ಅದಕ್ಕೇ. ನೀನು ಕನ್ನಡಿಯಲ್ಲಿ ನನ್ನನ್ನು ನೋಡಿ, ಏನು ಚಿಟಪಟಿ, ಈ ಕೆಲಸಾನೂ ಬಿಟ್ಯಾ ಎಂದು ಕೇಳಿದೆ. ನಾನು ನಿನ್ನ ಹಿಂದಿನ ಸೀಟಿನಲ್ಲಿ ಕೂತು ನಿನ್ನ ಎಡಗೆನ್ನೆಯನ್ನೇ ನೋಡುತ್ತಿದ್ದೆ. ನಿನ್ನ ದವಡೆ ಅಲ್ಲಾಡಿದರೆ ಸಾಕು, ನಾನು ಎಣಿಸಲು ಶುರು ಮಾಡುತ್ತಿದ್ದೆ. ಎರಡು ದಿನ ಏನೂ ಆಗಲಿಲ್ಲ. ನೀನು ಸಂದಿಯಲ್ಲಿ ಬಸ್ಸು ತಿರುಗಿಸುವುದನ್ನು ನೋಡಿ ನನಗೇ ನಾಚಿಕೆಯಾಯಿತು.

ಮೂರನೆಯ ದಿನ ಆಸ್ಪತ್ರೆಯ ಹತ್ತಿರದ ಸಿಗ್ನಲ್ಲು. ಕೆಂಪು ಹೋಗಿ ಹಸಿರು ಬಂತು. ನೀನು ಹಸಿರನ್ನೇ ನೋಡುತ್ತಿದ್ದೆ. ಹಿಂದಿನಿಂದ ಹಾರ್ನು ಶುರುವಾಯಿತು. ಕಂಡಕ್ಟರಣ್ಣ ಬಾಗಿಲಿನಿಂದಲೇ, ಮೇಡಂ, ಈ ಹಸಿರು ಇಷ್ಟ ಆಗಲಿಲ್ವಾ, ಬೇರೆ ತೋರಿಸೋಕೆ ಹೇಳ್ಲಾ ಎಂದ. ಜನ ನಕ್ಕರು. ನಾನು ನಿನ್ನ ಬಾಯಿ ನೋಡುತ್ತಿದ್ದೆ. ಚಪ್ಪರಿಸುತ್ತಿತ್ತು. ಬಲಗೈ ಬೆರಳು ಸ್ಟೇರಿಂಗಿನ ಅಂಚನ್ನು ಕೆರೆಯುತ್ತಿತ್ತು. ಎಣಿಸಿದೆ, ಹತ್ತಕ್ಕೆ ಬಂದಾಗ ನೀನು ಕಣ್ಣು ಮಿಟುಕಿಸಿ, ಏನು ಎಲ್ಲರಿಗೂ ಅವಸರ ಎಂದು ಗೇರು ಹಾಕಿದೆ. ಮುಂದಿನ ಸ್ಟಾಪಿನಲ್ಲಿ ನೀಲಿ ಚೀಲ ಹೊತ್ತ ಪುಟಾಣಿಗಳು ಹತ್ತಿದವು. ಅದರಲ್ಲೊಂದು ನಿನಗೆ ಕೈ ಬೀಸಿತು, ನೀನೂ ಬೀಸಿದೆ. ನಾನು ಅಲ್ಲೇ ಇಳಿದು ಚರಂಡಿಯ ಪಕ್ಕ ವಾಂತಿ ಮಾಡಿಕೊಂಡೆ. ಆವತ್ತು ಬಸ್ಸು ನಿಂತಿತ್ತು. ಓಡುತ್ತಿದ್ದರೆ ಹತ್ತು ಸೆಕೆಂಡಿಗೆ ಎಷ್ಟು ದೂರ ಹೋಗುತ್ತದೆ ಎಂದು ನಿನಗೆ ನಾನು ಹೇಳಿಕೊಡಬೇಕಾಗಿಲ್ಲ.

ಆವತ್ತು ಸಂಜೆ ನಾನು ಬಾಯಿ ತೆಗೆದೆ. ಸಿಗ್ನಲ್ಲಿನಲ್ಲಿ ನಿನಗೇನಾಯ್ತು ಎಂದೆ. ಯಾವ ಸಿಗ್ನಲ್ಲು ಎಂದು ನೀನು ಕೇಳಿದೆ. ನಟನೆಯಲ್ಲ, ನಿನಗೆ ನಿಜವಾಗಿ ಗೊತ್ತಿರಲಿಲ್ಲ, ಅದೇ ನನ್ನನ್ನು ಹೆಚ್ಚು ಹೆದರಿಸಿದ್ದು. ನಾನು ಬಿಡದೆ ಕೇಳಿದಾಗ, ಹದಿನೇಳು ವರ್ಷದಲ್ಲಿ ಬಸ್ಸಿಗೆ ಒಂದು ಗೀರು ಬಿದ್ದಿಲ್ಲ, ನೀನು ಒಂದು ಕೆಲಸದಲ್ಲಿ ಹದಿನೇಳು ವಾರ ನಿಂತು ತೋರಿಸು ಅಂದೆ. ಎರಡನೆಯ ಸಲ ಕೇಳಿದಾಗ ನೀನು ಎದ್ದು ಪಾತ್ರೆ ಉಜ್ಜಲು ಹೋದೆ.

ಸೋಮವಾರ ಆ ಸದ್ದನ್ನು ಫೋನಿಗೆ ಹಾಕಿಕೊಂಡು ಸರ್ಕಾರಿ ಕ್ಲಿನಿಕ್ಕಿಗೆ ಹೋದೆ. ಡಾಕ್ಟರಮ್ಮ ಎರಡು ಸಲ ಕೇಳಿದರು. ಬರೀ ಸದ್ದು ಕೇಳಿ ಏನೂ ಹೇಳೋಕಾಗಲ್ಲ, ಕರ್ಕೊಂಡು ಬಾ ಅಂದರು. ಆದರೆ ಬೆರಳಿನ ವಿಷಯವನ್ನು ನಾನು ಹೇಳುವ ಮೊದಲೇ ಅವರೇ ಕೇಳಿದರು. ಒಂದು ಥರದ ಮೂರ್ಛೆ ಇರಬಹುದು, ಬೀಳದೆ, ಒದ್ದಾಡದೆ ಬರುವಂಥದ್ದು, ಬಂದವರಿಗೆ ಗೊತ್ತೇ ಆಗಲ್ಲ ಅಂದರು. ಮಾತ್ರೆ ಇದೆ, ಎಷ್ಟೋ ಜನಕ್ಕೆ ನಿಂತುಹೋಗುತ್ತೆ. ಏನು ಕೆಲಸ ಮಾಡ್ತಾರೆ ಎಂದು ಆಮೇಲೆ ಕೇಳಿದರು. ಹೇಳಿದೆ. ಪೆನ್ನು ಕೆಳಗಿಟ್ಟರು.

ಮೂರು ದಿನ ಅದನ್ನು ಹೊಟ್ಟೆಯಲ್ಲಿಟ್ಟುಕೊಂಡು ತಿರುಗಿದ್ದೇನೆ. ಆ ಮೂರು ದಿನವೂ ನೀನು ಬಸ್ಸು ಓಡಿಸಿದ್ದೀಯ. ನಿನ್ನೆ ಮೇಷ್ಟ್ರನ್ನು ಕೇಳಿದೆ, ಆ ಕಾಲದಲ್ಲಿ ಇಷ್ಟು ಗುಟ್ಟಾಗಿ ಹಾಡುತ್ತಿದ್ದವರು ಸಿಕ್ಕಿಬೀಳುತ್ತಿದ್ದದ್ದು ಹೇಗೆ, ದನಿ ಕೇಳಿಸಿಯೇ ಎಂದು. ದನಿ ಕೇಳಿಸಿ ಅಲ್ಲಮ್ಮ, ಎಷ್ಟೋ ಸಲ ಮನೆಯವರೇ ಹೇಳಿಬಿಡ್ತಿದ್ರು ಅಂದರು. ಕೆಲಸದಾಳು, ಅಕ್ಕನ ಮಗ, ಹೀಗೆ ಯಾರಾದರೂ. ಅವರಿಗೆ ಏನಾಗುತ್ತಿತ್ತು ಎಂದು ಕೇಳಿದೆ. ಅದನ್ನು ಯಾರೂ ಬರೆದಿಟ್ಟಿಲ್ಲ ಅಂದರು.

ಅಮ್ಮ, ನಿನಗೆ ಸ್ಟೇರಿಂಗು ಎಂದರೆ ಏನು ಎನ್ನುವುದು ನನಗೆ ಗೊತ್ತು. ಹೆಂಗಸು ದೊಡ್ಡ ಗಾಡಿ ಓಡಿಸ್ತಾಳಾ ಎಂದು ನಕ್ಕವರೆಲ್ಲ ಇವತ್ತು ನಿನ್ನ ಕೈಯಲ್ಲಿ ಕಲಿತು ಓಡಿಸುತ್ತಿದ್ದಾರೆ. ಅದನ್ನು ಬಿಡು ಎಂದು ಹೇಳಲು ಹತ್ತನೆಯ ಕ್ಲಾಸು ಮುಗಿಸದವಳು ನಾನ್ಯಾರು. ಆದರೆ ನಿನ್ನ ದನಿಗೆ ತೇಪೆ ಹಾಕಿದ ಹಾಗೆ ರಸ್ತೆಗೆ ಹಾಕಲು ನನಗೆ ಬರುವುದಿಲ್ಲ. ರಾತ್ರಿ ಆ ಪುಟಾಣಿಗಳು ನೆನಪಾದರೆ ಎದ್ದು ಕೂರುತ್ತೇನೆ. ನಿನ್ನನ್ನು ನೆನೆದರೂ ಅಷ್ಟೇ.

ಇವತ್ತು ಸಂಜೆಯೊಳಗೆ ನೀನೇ ಡಿಪೋ ಮ್ಯಾನೇಜರಿಗೆ ಫೋನು ಮಾಡಿ ಹೇಳು. ನೀನಾಗಿ ಹೇಳಿದರೆ ಮರ್ಯಾದೆ ಇರುತ್ತದೆ, ಆಫೀಸಿನಲ್ಲಿ ಕೂರುವ ಕೆಲಸವನ್ನಾದರೂ ಕೊಡಬಹುದು. ಹೇಳದಿದ್ದರೆ ನಾನು ಹೇಳುತ್ತೇನೆ. ಆಯ್ಕೆ ನಿನ್ನದು. ನಾಳೆ ಹತ್ತು ಗಂಟೆಗೆ ಡಾಕ್ಟರಮ್ಮನ ಹತ್ತಿರ ಚೀಟಿ ಮಾಡಿಸಿದ್ದೇನೆ. ನಾನೂ ಬರುತ್ತೇನೆ, ದಾರಿಯುದ್ದಕ್ಕೂ ಬೈದುಕೊಂಡು ಬಾ.

ಮೇಷ್ಟ್ರ ಮನೆಯಿಂದ ನೀನು ಬರುವ ಹೊತ್ತಾಯಿತು. ಎಲ್ಲೂ ಹೋಗಿಲ್ಲ, ಹಿಂದಿನ ಕೋಣೆಯಲ್ಲಿ ಇದ್ದೇನೆ. ಬಾಗಿಲಿಗೆ ಚಿಲಕ ಹಾಕಿಲ್ಲ.

ಇಂತಿ,
ನಿನ್ನ ಒಬ್ಬಳೇ ಮಗಳು,
ಚಿಟಪಟಿ

ಮರೆತ ಮಾತು: ಮರೆತದ್ದಲ್ಲ, ಬರೆಯಲು ಧೈರ್ಯ ಬರಲಿಲ್ಲ. ಸಂಜೆಯೊಳಗೆ ನೀನೇ ಹೇಳು, ಆಯ್ಕೆ ನಿನ್ನದು ಎಂದು ಮೇಲೆ ಬರೆದದ್ದು ಸುಳ್ಳು. ಅದನ್ನು ಹೊಡೆದುಹಾಕಿಲ್ಲ, ನಾನು ಎಂಥ ಹೇಡಿ ಅಂತ ನಿನಗೂ ಕಾಣಲಿ. ಬೆಳಿಗ್ಗೆ ಹನ್ನೊಂದಕ್ಕೇ ಡಿಪೋಗೆ ಹೋಗಿ ಮ್ಯಾನೇಜರಿಗೆ ಆ ಸದ್ದು ಕೇಳಿಸಿ ಬಂದೆ. ನೀನು ಬೇಡ ಅಂದರೆ ನಾನು ಸೋತುಬಿಡುತ್ತೇನೆ ಎಂದು ನನಗೆ ಗೊತ್ತಿತ್ತು. ನಾಳೆಯ ಡ್ಯೂಟಿ ಪಟ್ಟಿಯಲ್ಲಿ ನಿನ್ನ ಹೆಸರಿಲ್ಲ. ಅವರು ಒಂದೇ ಪ್ರಶ್ನೆ ಕೇಳಿದರು, ನೀನು ಇಲ್ಲಿಗೆ ಬಂದಿರೋದು ನಿಮ್ಮಮ್ಮಂಗೆ ಗೊತ್ತಾ ಎಂದು. ಗೊತ್ತು ಅಂದೆ. ನೀನು ಇಲ್ಲಿವರೆಗೆ ಓದಿದ್ದರೆ ಅದೊಂದು ಮಾತು ಈಗ ನಿಜ.