ಮೈಮುನಾಬಿಗೂ ಬಂದ ವಾಸನೆ

ಬ್ಯಾಡಗಿ
೧೩ ಜೂನ್ ೨೦೨೫, ಶುಕ್ರವಾರ

ಮಗಳೇ ಕಾವ್ಯಾ,

ಮಾವ ಉಡಚಪ್ಪ ಬರೆಯುತ್ತಿದ್ದೇನೆ. ಮೈ ಹೇಗಿದೆ? ಕಾಲಿಗೆ ಬಾವು ಬಂದಿದೆ ಎಂದು ಮಗ ಮೈಲೇಶ ಹೇಳಿದ, ಇಳಿಯಿತೇ? ನಿನ್ನ ತವರು ಐರಣಿಯ ಹೊಳೆದಂಡೆಯ ಗಾಳಿ ಹುಟ್ಟಿದಾಗಿನಿಂದ ನಿನಗೆ ಹಿಡಿಸಿದ್ದು, ಊಟ ಸೇರುತ್ತಿರಬಹುದು. ಮೈಲೇಶ ಪ್ರತಿ ಭಾನುವಾರ ನಿನ್ನನ್ನು ನೋಡಿಕೊಂಡು ಬರುತ್ತಾನೆ, ಆದರೆ ನಮಗೆ ಎರಡು ಮಾತಿಗಿಂತ ಹೆಚ್ಚು ಹೇಳುವುದಿಲ್ಲ. ಫೋನು ಮಾಡಬಹುದಿತ್ತಲ್ಲ ಎನ್ನಬೇಡ. ಮಾವ ಸೊಸೆ ಫೋನಿನಲ್ಲಿ ಮಾತಾಡಿದರೆ "ಆರಾಮ ಅದೀಯೇನವ್ವಾ", "ಹೂಂರಿ" ಎಂಬಲ್ಲಿಗೆ ಮುಗಿಯುತ್ತದೆ. ಅಲ್ಲದೆ ನನ್ನ ಫೋನನ್ನು ನೀನು ಎತ್ತುತ್ತೀ ಎಂಬ ಧೈರ್ಯವೂ ನನಗಿಲ್ಲ.

ಸುದ್ದಿ ಏನೆಂದರೆ, ನಮ್ಮ ಹಳೆಯ ವ್ಯಾನು ರಿಪೇರಿಯಾಯಿತು. ನೀನು ಹೇಳಿದ ಪೆಟ್ರೋಲ್ ವಾಸನೆ ಇದ್ದದ್ದು ನಿಜ.

ಏಪ್ರಿಲ್‌ನಲ್ಲಿ ನಿನ್ನನ್ನು ಸ್ಕ್ಯಾನಿಂಗಿಗೆಂದು ಹಾವೇರಿಗೆ ಕರೆದುಕೊಂಡು ಹೊರಟ ದಿನ, ಟ್ಯಾಂಕು ತುಂಬಿಸಿಕೊಂಡು ಮೋಟೆಬೆನ್ನೂರು ದಾಟುವ ಮೊದಲೇ ನೀನು "ಮಾವಾರ, ವಾಸನಿ ತಡಕೊಳ್ಳಾಕ ಆಗವಲ್ದು, ಗಾಡಿ ನಿಲ್ಲಸ್ರಿ" ಎಂದೆ. ನಿಲ್ಲಿಸಿದೆ. ನೀನು ರಸ್ತೆ ಬದಿಯಲ್ಲಿ ವಾಂತಿ ಮಾಡಿಕೊಂಡೆ. ನಾನು ಬಗ್ಗಿ ಕೆಳಗೆಲ್ಲ ನೋಡಿದೆ, ಒಂದು ಹನಿಯೂ ಸೋರಿರಲಿಲ್ಲ. ನನ್ನ ಮೂಗಿಗಂತೂ ಏನೂ ಬರಲಿಲ್ಲ. ಬರುವುದಾದರೂ ಹೇಗೆ? ಮೂವತ್ತೆಂಟು ವರ್ಷ ದಲಾಲಿ ಅಂಗಡಿಯಲ್ಲಿ ಮೆಣಸಿನಕಾಯಿ ಚೀಲ ತೂಗಿದ ಮೂಗು ಇದು. ನಿನ್ನ ಅತ್ತೆ ಜಯವ್ವನೂ ಇಪ್ಪತ್ತು ವರ್ಷ ಕಾಯಿಯ ತೊಟ್ಟು ಬಿಡಿಸಿದವಳು. ನಮ್ಮ ಮನೆಯಲ್ಲಿ ಹಾಲು ಸೀದರೆ ನೆರೆಯವರು ಬಂದು ಹೇಳಬೇಕು.

ಬಸುರಿ ಹೆಂಗಸಿಗೆ ಎಲ್ಲವೂ ನಾರುತ್ತದೆ ಎಂದು ನಾವಿಬ್ಬರೂ ತೀರ್ಮಾನ ಕೊಟ್ಟೆವು. ಮೈಲೇಶನೂ ನನ್ನ ಮಾತು ನಂಬಿ "ಅಪ್ಪ ಬಗ್ಗಿ ನೋಡ್ಯಾನ, ಏನೂ ಇಲ್ಲಂತ" ಎಂದು ನಿನಗೇ ಸಮಾಧಾನ ಹೇಳಿದ. ಅಷ್ಟಕ್ಕೆ ಬಿಟ್ಟಿದ್ದರೆ ಆಗಿತ್ತು. ಮರುವಾರ ನೀನು ವ್ಯಾನು ಹತ್ತಲು ಒಲ್ಲೆ ಎಂದಾಗ, ಎದುರು ಮನೆಯ ಡಾಕಪ್ಪನ ಕಟ್ಟೆಯ ಮೇಲೆ ಕೂತ ನಾಲ್ಕು ಮಂದಿಗೆ ಕೇಳುವ ಹಾಗೆ "ಅಪ್ಪನ ಮನಿ ಹೊಸಾ ಕಾರು ರೂಢಿ ಆಗೈತಿ, ನಮ್ಮ ಗಾಡಿ ನಾರತೈತಿ ಈಕಿಗೆ" ಎಂದುಬಿಟ್ಟೆ. ಜಯವ್ವ "ಸೊಕ್ಕು" ಎಂದು ಒಂದು ಮಾತು ಸೇರಿಸಿದಳು. ನೀನು ಬಸ್ಸು ಹತ್ತಿ ತವರಿಗೆ ಹೋದೆ. ಈಗ ಬಸುರಿಗೆ ಸೀರೆ ಉಡಿಸಿ ಉಡಿ ತುಂಬುವ ಏಳು ತಿಂಗಳ ಕುಬಸಕ್ಕೂ ಬರುವುದಿಲ್ಲ, ಹೆರಿಗೆಯಾದ ಮೇಲೆ ಬರುವುದೂ ಅನುಮಾನ ಎಂದು ಹೇಳಿ ಕಳಿಸಿದ್ದೀ. ಕೋಪದಲ್ಲಿ ಕೊಯ್ದ ಮೂಗು ಶಾಂತವಾದಾಗ ಬಂದೀತೇ ಎನ್ನುತ್ತಾರೆ. ಅದು ನನಗೆ ಈಗ ತಿಳಿಯುತ್ತಿದೆ.

ಹೋದ ಸೋಮವಾರ ಹಾವೇರಿಯಿಂದ ಬರುವಾಗ ಮೈಮುನಾಬಿಯನ್ನು ಹತ್ತಿಸಿಕೊಂಡೆ, ಹಿಂದಿನ ಓಣಿಯಲ್ಲಿ ಕೌದಿ ಹೊಲಿಯುತ್ತಾಳಲ್ಲ, ಆಕೆ. ಕಣ್ಣಿನ ಆಸ್ಪತ್ರೆಗೆ ಬಂದಿದ್ದಳಂತೆ. ಐದು ನಿಮಿಷವಾಗಿರಲಿಲ್ಲ, ಸೆರಗು ಮೂಗಿಗೆ ಹಿಡಿದುಕೊಂಡು "ಉಡಚಪ್ಪಾರ, ಹಿಂದ ಪೆಟ್ರೋಲ್ ಡಬ್ಬಿ ಇಟ್ಟೀರೇನ್ರಿ? ತಲಿ ಸಿಡಿಯಾಕತ್ತೈತಿ" ಎಂದಳು. ಎಪ್ಪತ್ತೆರಡು ವರ್ಷದ ಮುದುಕಿ. ಆಕೆಯನ್ನೂ ಬಸುರಿ ಎನ್ನಲು ಬರುತ್ತದೆಯೇ?

ಮರುದಿನವೇ ರಾಣೇಬೆನ್ನೂರಿಗೆ ಹೋಗಿ ಅಸ್ಲಮನ ಗ್ಯಾರೇಜಿನಲ್ಲಿ ವ್ಯಾನು ನಿಲ್ಲಿಸಿದೆ. ಅವನು ಮೊದಲು ಬ್ಯಾಟರಿ ವೈರು ಬಿಚ್ಚಿಸಿದ, ಬೀಡಿ ಸೇದುತ್ತಿದ್ದವರನ್ನು ರಸ್ತೆಯಾಚೆ ಓಡಿಸಿದ, ಟ್ಯಾಂಕು ಖಾಲಿ ಮಾಡಿಸಿದ. ಆಮೇಲೆ ಕೆಳಗೆ ನುಸುಳಿ ಸ್ಕ್ರೂಡ್ರೈವರಿನಿಂದ ಒಂದು ಕೊಳವೆಯನ್ನು ತಟ್ಟಿದ, ಅದು ಹಪ್ಪಳದಂತೆ ಮುರಿದು ಕೈಗೆ ಬಂತು. ಟ್ಯಾಂಕಿನಲ್ಲಿ ಏಳುವ ಪೆಟ್ರೋಲಿನ ಆವಿಯನ್ನು ಮುಂದಕ್ಕೆ ಒಯ್ಯುವ ಕೊಳವೆಯಂತೆ ಅದು. ಅದರಲ್ಲಿ ಪೆಟ್ರೋಲ್ ಹರಿಯುವುದಿಲ್ಲ, ಹಾಗಾಗಿ ತೂತು ಬಿದ್ದರೂ ಹನಿ ಬೀಳುವುದಿಲ್ಲ. ಟ್ಯಾಂಕು ತುಂಬಿದಾಗ, ಬಿಸಿಲು ಹೆಚ್ಚಾದಾಗ ವಾಸನೆ ಒಳಗೆ ಬರುತ್ತದೆ. ಪಕ್ಕದ ಪೆಟ್ರೋಲ್ ಕೊಳವೆಯೂ ತುಕ್ಕು ತಿಂದು ತೆಳ್ಳಗಾಗಿತ್ತು. ಇಷ್ಟು ವರ್ಷ ಗೊಬ್ಬರದ ಚೀಲ ಹೇರಿದ್ದೇವೆ, ಅದರ ನೀರು ಇಳಿದು ತಿಂದಿದೆ. ಇಷ್ಟು ಹಳೆಯ ಗಾಡಿಗೆ ಸಿದ್ಧ ಕೊಳವೆ ಸಿಗಲಿಲ್ಲ. ಅಸ್ಲಮ್ ಹೊಸ ಕೊಳವೆ ತಂದು, ಹಳೆಯದನ್ನು ನೆಲದ ಮೇಲೆ ಜೋಡಿಸಿಟ್ಟು, ಅದರ ತಿರುವಿನಂತೆಯೇ ಕೈಯಲ್ಲಿ ಬಾಗಿಸಿ ಎರಡನ್ನೂ ಬದಲಿಸಿದ. ರಬ್ಬರು, ಕ್ಲಿಪ್ಪು ಎಲ್ಲ ಹೊಸವು. ಎರಡು ದಿನ ಹಿಡಿಯಿತು. ನಿನ್ನೆ ಟ್ಯಾಂಕು ತುಂಬಿಸಿ, ಮಧ್ಯಾಹ್ನದ ಬಿಸಿಲಿನಲ್ಲಿ ಮೈಮುನಾಬಿಯನ್ನೇ ಕೂರಿಸಿಕೊಂಡು ಮೋಟೆಬೆನ್ನೂರಿನವರೆಗೆ ಹೋಗಿ ಬಂದೆ. ನನ್ನ ಮೂಗನ್ನು ನಾನೇ ನಂಬುವುದಿಲ್ಲ. "ಏನೂ ಇಲ್ರಿ, ನಿಮ್ಮ ಮೆಣಸಿನಕಾಯಿ ಘಾಟು ಒಂದ ಐತಿ" ಎಂದಳು.

ನೀನು ಖರೇ ಹೇಳಿದ್ದೆ, ನಾವು ಸುಳ್ಳು ಎಂದೆವು. ತಪ್ಪಾಯಿತು, ಮಗಳೇ. ಹೊಟ್ಟೆಯ ಕೂಸಿಗೂ ನಿನಗೂ ಆ ದೇವರು ಆಯುಷ್ಯ ಆರೋಗ್ಯ ಕೊಡಲಿ. ನಿನ್ನ ಅಪ್ಪ ಅವ್ವನಿಗೆ ನನ್ನ ಶರಣು ತಿಳಿಸು.

ನಿನ್ನ ಮಾವ,
ಉಡಚಪ್ಪ

ತಾ.ಕ.: ಮೇಲೆ ಬರೆದದ್ದರಲ್ಲಿ ಸುಳ್ಳಿಲ್ಲ, ಆದರೆ ಒಂದು ಮಾತು ಬಿಟ್ಟಿದ್ದೇನೆ. ಲಕೋಟೆ ಅಂಟಿಸಲು ಕೈ ಬರುತ್ತಿಲ್ಲ. ಸಂಕ್ರಾಂತಿಯ ಮುಂದೆ ಬ್ರೇಕು ತೋರಿಸಲು ಹೋದಾಗಲೇ ಅಸ್ಲಮ್ "ಕಾಕಾ, ಪೆಟ್ರೋಲ್ ಪೈಪು ತುಕ್ಕು ತಿಂದಾವ, ಲಗೂ ಬದಲಿ ಮಾಡಸ್ರಿ" ಎಂದಿದ್ದ. ಕಾಯಿಯ ಸೀಜನ್ನು, ಗಾಡಿ ನಿಲ್ಲಿಸಲಾಗದು ಎಂದು ಮುಂದೂಡಿದೆ. ಮೋಟೆಬೆನ್ನೂರಿನ ಹತ್ತಿರ ನೀನು ವಾಸನೆ ಎಂದ ಕೂಡಲೇ ಅದು ಎಲ್ಲಿಯದೆಂದು ನನಗೆ ಗೊತ್ತಾಯಿತು. ನನ್ನ ಮೂಗು ಸತ್ತದ್ದು ನಿಜ, ಕಿವಿ ಸತ್ತಿರಲಿಲ್ಲ. ಗೊತ್ತಿದ್ದೂ ನಿನ್ನನ್ನು ಅದೇ ಗಾಡಿಯಲ್ಲಿ ಹಾವೇರಿಗೆ ಒಯ್ದು ತಂದೆ, ನನ್ನ ತಪ್ಪು ಹೊರಬೀಳಬಾರದೆಂದು ಮಂದಿಯ ಮುಂದೆ ನಿನ್ನನ್ನು ಸಣ್ಣವಳನ್ನಾಗಿ ಮಾಡಿದೆ. ಇವತ್ತು ಜಯವ್ವನಿಗೆ ಹೇಳಿದೆ. "ನನ್ನ ಬಾಯಾಗೂ ಆ ಮಾತು ಬರೂಹಂಗ ಮಾಡಿದ್ರಿ" ಎಂದು ಅತ್ತಳು. ಡಾಕಪ್ಪನ ಕಟ್ಟೆಯ ಮಂದಿಗೂ ನಾನೇ ಹೇಳುತ್ತೇನೆ, ನೀನು ಕುಬಸಕ್ಕೆ ಬಂದರೂ ಸರಿ, ಬಾರದಿದ್ದರೂ ಸರಿ. ಮಗನಿಗೆ ಹೇಳಲು ಮಾತ್ರ ಬಾಯಿ ಬರಲಿಲ್ಲ. ಈ ಕಾಗದ ತಂದವನು ಈಗ ನಿನ್ನ ಮುಂದೆಯೇ ಕೂತಿರುತ್ತಾನೆ. ಓದಿದ ಮೇಲೆ ಅವನ ಕೈಗೆ ಕೊಡು.