ಅಳತೆ ಪುಸ್ತಕದಲ್ಲಿಟ್ಟ ಚೀಟಿ

ಅಮ್ಮ,

ನನ್ನ ಎಡ ಎದೆಯಲ್ಲೂ ಒಂದು ಗಂಟು ಸಿಕ್ಕಿತು. ಗೋಲಿಯಷ್ಟಿದೆ, ಮುಟ್ಟಿದರೆ ನೋವು. ಬಲಗಡೆ ಏನೂ ಇಲ್ಲ. ನಿನ್ನನ್ನು ನಮ್ಮಿಂದ ಕಿತ್ತುಕೊಂಡದ್ದೂ ಎಡಗಡೆಯ ಗಂಟೇ ಅಲ್ಲವೇ? ಹನ್ನೊಂದು ದಿನ ಶಾಲೆಯ ಚೀಲವನ್ನು ಎದೆಗೆ ಅವಚಿಕೊಂಡೇ ಓಡಾಡಿದೆ.

ಬಾಯಿಬಿಟ್ಟು ಹೇಳಲಾಗದೆ, ಇವತ್ತು ಬೆಳಿಗ್ಗೆ ಒಂದು ಚೀಟಿ ಬರೆದು ಅಪ್ಪನ ಹೊಲಿಗೆ ಅಂಗಡಿಯ ಅಳತೆ ಪುಸ್ತಕದಲ್ಲಿಟ್ಟೆ. ಅಪ್ಪ ಓದಿದವನೇ ಯಾರದೋ ಕೋಟನ್ನು ಸೂಜಿಯ ಕೆಳಗೇ ಬಿಟ್ಟು, ಅಂಗಡಿ ಬಾಗಿಲು ಹಾಕಿ, ನನ್ನನ್ನು ಆಸ್ಪತ್ರೆಗೆ ಕರೆದೊಯ್ದ. ಟೇಪು ಇನ್ನೂ ಕೊರಳಲ್ಲೇ ಇತ್ತು.

ಡಾಕ್ಟರಮ್ಮ ಮುಟ್ಟಿ ನೋಡಿದರು. "ಹನ್ನೆರಡು ವರ್ಷ ತಾನೇ? ಎದೆ ಬೆಳೆಯೋಕೆ ಶುರುವಾಗಿದೆ ಪುಟ್ಟಿ. ಎಷ್ಟೋ ಹುಡುಗೀರಿಗೆ ಮೊದಲು ಒಂದೇ ಕಡೆ ಬರುತ್ತೆ, ನೋಯುತ್ತೆ. ಇನ್ನೊಂದು ಕಡೆ ಆಮೇಲೆ ಬರುತ್ತೆ."

"ಇನ್ನೊಂದ್ಸಲ ಹೇಳಿ ಡಾಕ್ಟ್ರೇ," ಎಂದ ಅಪ್ಪ. ಅವರು ಮೂರು ಸಲ ಹೇಳಬೇಕಾಯಿತು.

ಹೊರಗೆ ಬಂದ ಮೇಲೆ, "ಎಷ್ಟು ದಿನದಿಂದ ಮುಚ್ಚಿಟ್ಟಿದ್ದೆ?" ಎಂದು ಕೇಳಿದ.

"ಹನ್ನೊಂದು ದಿನ."

ಅಪ್ಪ ಮೆಟ್ಟಿಲ ಮೇಲೆ ಕೂತ. "ನಿಮ್ಮಮ್ಮ ಒಂದು ವರ್ಷ," ಎಂದ.

ಒಂದು ಚೀಟಿ ಇಡಲು ಆ ಪುಸ್ತಕ ನಿನ್ನ ಕೈಗೂ ಸಿಗುತ್ತಿತ್ತಲ್ಲ ಅಮ್ಮ.